ಅತ್ತೆಗೆ ಗೋವಾ ಬೇಡ, ಮಾವನಿಗೆ ಲಡಾಖ್ ಬೇಡ: ಯಾರ ಭಯದಲ್ಲಿ ಎಷ್ಟು ನಿಜ?

ಪ್ರಶ್ನೆ: ನಮಸ್ಕಾರ. ನಾವು ಗದಗ ಕಡೆಯವರು, ಮುಂಬಯಿ ಹತ್ತಿರದ ಡೊಂಬಿವಲಿಗೆ ಬಂದು ನೆಲೆಸಿ ಇಪ್ಪತ್ತು ವರ್ಷ ಮೀರಿತು. ದೀಪಾವಳಿಯಲ್ಲಿ ಒಮ್ಮೆ, ಮೇ ತಿಂಗಳಲ್ಲಿ ಒಮ್ಮೆ ಮನೆಮಂದಿಗೆಲ್ಲ ಒಟ್ಟಿಗೆ ರಜೆ ಸಿಗುತ್ತದೆ. ಆದರೆ ಯಾವ ಊರಿನ ಹೆಸರೆತ್ತಿದರೂ ಒಬ್ಬರಲ್ಲ ಒಬ್ಬರು ಬೇಡ ಎನ್ನುತ್ತಾರೆ. ಗೋವಾಕ್ಕೆ ಅತ್ತೆ ಒಪ್ಪುವುದಿಲ್ಲ. ನಮ್ಮೂರ ಪರಿಚಯದ ಹುಡುಗನೊಬ್ಬ ಅಲ್ಲಿ ಅಮಾವಾಸ್ಯೆಯ ದಿನವೇ ನೀರುಪಾಲಾದ. ಲಡಾಖ್ ಎಂದರೆ ಮಾವ ಕೈ ಮುಗಿಯುತ್ತಾರೆ. ಅವರಿಗೆ 67 ವರ್ಷ, ಬಿಪಿ ಮಾತ್ರೆ ನಡೆಯುತ್ತಿದೆ, "ಅಲ್ಲಿ ಆಮ್ಲಜನಕವೇ ಇಲ್ಲವಂತೆ" ಅನ್ನುತ್ತಾರೆ. ಪಹಲ್ಗಾಮ್ ಆದ ಮೇಲೆ ಮೈದುನ ಕಾಶ್ಮೀರದ ಮಾತೇ ಬೇಡ ಅನ್ನುತ್ತಾನೆ. ಕಾಶಿಗೆ ಹೋಗೋಣ ಎಂದು ಹಿರಿಯರು ಹೇಳಿದರೆ ಹತ್ತೊಂಬತ್ತರ ಮಗಳು, ಆ ಜನಜಂಗುಳಿಗೆ ನಾನು ಬರಲಾರೆ ಎಂದು ಎದ್ದು ಹೋಗುತ್ತಾಳೆ. ಕೊನೆಗೆ ಪ್ರತಿ ಸಲವೂ ಲೋನಾವಳವೇ. ಇವುಗಳಲ್ಲಿ ನಿಜವಾದ ಅಪಾಯ ಯಾವುದು, ಬರೀ ಕೇಳಿದ ಮಾತು ಯಾವುದು? ಒತ್ತಾಯಿಸಿ ಕರೆದುಕೊಂಡು ಹೋಗಬಹುದೇ?

ಉತ್ತರ: ನಿಮ್ಮ ಮನೆಯ ನಾಲ್ವರಲ್ಲಿ ಯಾರೂ ಸುಮ್ಮನೆ ಹಟ ಮಾಡುತ್ತಿಲ್ಲ. ನಾಲ್ಕೂ ಭಯಗಳಿಗೆ ಬುಡವಿದೆ. ಪ್ರವಾಸದ ಏರ್ಪಾಡು ಮಾಡುವ ಕೆಲಸದಲ್ಲಿ ಮತ್ತೆ ಮತ್ತೆ ಕಾಣುವುದೆಂದರೆ, ಜನ ಊರಿನ ಹೆಸರು ಹೇಳಿ ಬೇಡ ಎನ್ನುತ್ತಾರೆ, ಆದರೆ ಅಪಾಯ ಇರುವುದು ಊರಿನಲ್ಲಲ್ಲ. ಯಾವ ತಿಂಗಳು ಹೋದರು, ಎಷ್ಟು ಅವಸರ ಮಾಡಿದರು, ಅಲ್ಲಿ ಏನು ಮಾಡಿದರು ಎಂಬುದರಲ್ಲಿ ಇರುತ್ತದೆ. ಹಾಗಾಗಿ "ಯಾಕೆ ಬರುವುದಿಲ್ಲ" ಎಂದು ಕೇಳಬೇಡಿ. "ಅಲ್ಲಿ ಏನಾಗುತ್ತದೆ ಅಂತ ಹೆದರಿಕೆ" ಎಂದು ಕೇಳಿ. ಉತ್ತರ ಬೇರೆಯೇ ಬರುತ್ತದೆ. ಒತ್ತಾಯದ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ: ಎತ್ತರದ ಜಾಗಕ್ಕೆ, ನೀರಿಗೆ ಯಾರನ್ನೂ ಒತ್ತಾಯಿಸಿ ಕರೆದೊಯ್ಯಬೇಡಿ. ಹಾಗೆ ಬಂದವರು ಮೈಗೆ ಹುಷಾರಿಲ್ಲದಾಗಲೂ ಬಾಯಿಬಿಟ್ಟು ಹೇಳುವುದಿಲ್ಲ. ಅಪಾಯ ಅಲ್ಲಿಂದಲೇ ಬೆಳೆಯುತ್ತದೆ.

ಮೊದಲು ಮಾವನವರ ಲಡಾಖ್. ಅಲ್ಲಿ ಆಮ್ಲಜನಕ ಇಲ್ಲ ಎನ್ನುವುದು ತಪ್ಪು. ಡೊಂಬಿವಲಿಯ ಗಾಳಿಯಲ್ಲೂ ಲೇಹ್‌ನ ಗಾಳಿಯಲ್ಲೂ ಆಮ್ಲಜನಕದ ಪಾಲು ಶೇ. 21. ಕಡಿಮೆಯಾಗುವುದು ಗಾಳಿಯ ಒತ್ತಡ. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಪಾಲಿನಷ್ಟು. ಅಂದರೆ ಒಂದೊಂದು ಉಸಿರಿಗೂ ಒಳಗೆ ಹೋಗುವ ಆಮ್ಲಜನಕವೂ ಅಷ್ಟೇ ಪಾಲಿಗೆ ಇಳಿಯುತ್ತದೆ. ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ಅದಕ್ಕೆ ದಿನಗಳು ಬೇಕು. ಬೆಳಿಗ್ಗೆ ಸಮುದ್ರಮಟ್ಟದಲ್ಲಿ ವಿಮಾನ ಹತ್ತಿ ಕೆಲವೇ ಗಂಟೆಗಳಲ್ಲಿ 3,500 ಮೀಟರಿನಲ್ಲಿ ಇಳಿದವರಿಗೆ ಆ ದಿನಗಳು ಸಿಕ್ಕಿರುವುದಿಲ್ಲ. ತಲೆನೋವು, ವಾಕರಿಕೆ, ಊಟ ಬೇಡವಾಗುವುದು, ನಿದ್ದೆ ಬಾರದಿರುವುದು ಸಾಮಾನ್ಯವಾಗಿ ಇಳಿದ ಆರರಿಂದ ಹನ್ನೆರಡು ಗಂಟೆಗಳಲ್ಲಿ ಶುರುವಾಗುತ್ತವೆ. ಇಳಿದ ತಕ್ಷಣ "ನನಗೇನೂ ಆಗಿಲ್ಲ" ಎಂದು ಊರು ಸುತ್ತಲು ಹೊರಟವರು ರಾತ್ರಿ ಹಾಸಿಗೆ ಹಿಡಿಯುವುದು ಇದೇ ಕಾರಣಕ್ಕೆ.

ಇನ್ನೊಂದು ತಪ್ಪು ತಿಳಿವಳಿಕೆ ವಯಸ್ಸಿನದು. ಎತ್ತರದ ಕಾಯಿಲೆ ಮುದುಕರಿಗೆ ಮಾತ್ರ ಬರುವುದಲ್ಲ. ಜಿಮ್‌ಗೆ ಹೋಗುವ ಇಪ್ಪತ್ತೈದರ ಹುಡುಗನಿಗೂ ಬರುತ್ತದೆ, ಅವಸರ ಮಾಡುವುದರಿಂದ ಅವನಿಗೇ ಹೆಚ್ಚು ಬರುವುದನ್ನೂ ಕಾಣುತ್ತೇವೆ. ದಿನಾ ಸ್ಟೇಷನ್ನಿನ ಸೇತುವೆ ಹತ್ತಿ ಇಳಿಯುವ ಅಭ್ಯಾಸ ಎತ್ತರದ ಕಾಯಿಲೆಯಿಂದ ಕಾಪಾಡುವುದಿಲ್ಲ. ಆದರೆ ಆ ಮೆಟ್ಟಿಲು ಹೃದಯದ ಬಗ್ಗೆ ಒಂದಿಷ್ಟು ಹೇಳುತ್ತದೆ: ಮಾವನವರು ಎದೆನೋವಿಲ್ಲದೆ, ಮಧ್ಯೆ ನಿಲ್ಲದೆ ಎರಡು ಮಹಡಿ ಹತ್ತುತ್ತಾರೆಯೇ ಎಂದು ಗಮನಿಸಿ, ಅದನ್ನು ವೈದ್ಯರಿಗೆ ಹೇಳಿ. ಮಾತ್ರೆಯಿಂದ ಹತೋಟಿಯಲ್ಲಿರುವ ಬಿಪಿ ಒಂದರಿಂದಲೇ ಲಡಾಖ್ ನಿಷಿದ್ಧವಾಗುವುದಿಲ್ಲ. ಮೊದಲ ಕೆಲವು ದಿನ ಅಲ್ಲಿ ಬಿಪಿ ಸ್ವಲ್ಪ ಏರಬಹುದು, ಹಾಗಾಗಿ ಮನೆಯ ಬಿಪಿ ಯಂತ್ರ ಜೊತೆಗಿರಲಿ, ಮಾತ್ರೆ ಒಂದು ಹೊತ್ತೂ ತಪ್ಪದಿರಲಿ. ಇತ್ತೀಚೆಗೆ ಹೃದಯಾಘಾತ ಆಗಿದ್ದರೆ, ನಡೆದರೆ ಎದೆನೋವು ಬರುತ್ತಿದ್ದರೆ, ಶ್ವಾಸಕೋಶದ ಹಳೆಯ ಕಾಯಿಲೆ ತೀವ್ರವಾಗಿದ್ದರೆ, ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಹೆಚ್ಚಿದೆ ಎಂದು ವೈದ್ಯರು ಹೇಳಿದ್ದರೆ, ಆಗ ಮಾವನವರ "ಬೇಡ" ಸರಿಯಾದ ತೀರ್ಮಾನ. ವಾದಕ್ಕಿಳಿಯಬೇಡಿ.

ಡಯಾಮಾಕ್ಸ್ ಮಾತ್ರೆಯ ವಿಷಯ ನೀವು ಕೇಳಿರುತ್ತೀರಿ. ಎತ್ತರದ ಕಾಯಿಲೆ ಬಾರದಂತೆ ಕೊಡುವ ಅಸೆಟಜೋಲಮೈಡ್ ಎಂಬ ಔಷಧ ಅದು. ದೊಡ್ಡವರಿಗೆ ಸಾಮಾನ್ಯವಾಗಿ ಕೊಡುವುದು 125 ಮಿ.ಗ್ರಾಂ. ದಿನಕ್ಕೆ ಎರಡು ಸಲ, ಹೊರಡುವ ಹಿಂದಿನ ದಿನದಿಂದ. ಅದು ಕಾಯಿಲೆಯ ಲಕ್ಷಣವನ್ನು ಮುಚ್ಚಿಡುತ್ತದೆ ಎಂಬುದು ಸುಳ್ಳು. ಉಸಿರಾಟವನ್ನು ಹೆಚ್ಚಿಸಿ ದೇಹ ಬೇಗ ಹೊಂದಿಕೊಳ್ಳಲು ನೆರವಾಗುತ್ತದೆ. ಬೆರಳ ತುದಿ ಜುಮ್ಮೆನ್ನುವುದು, ಪದೇಪದೇ ಮೂತ್ರಕ್ಕೆ ಹೋಗುವುದು, ಸೋಡಾ ಸಪ್ಪೆಯಾಗಿ ತೋರುವುದು ಅದರ ಮಾಮೂಲಿ ಪರಿಣಾಮಗಳು. ಆದರೆ ಇದನ್ನು ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದು ನುಂಗಬೇಡಿ. ಸಲ್ಫಾ ಔಷಧದ ಅಲರ್ಜಿ ಇದ್ದವರು ಮೊದಲೇ ಹೇಳಬೇಕು. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ಈಗಾಗಲೇ ನಡೆಯುತ್ತಿದ್ದರೆ ಎರಡೂ ಸೇರಿ ಪೊಟ್ಯಾಸಿಯಂ ಇಳಿಯಬಹುದು, ಅದನ್ನು ವೈದ್ಯರೇ ನೋಡಿ ಬರೆಯಬೇಕು.

ಕರ್ಪೂರ ಮೂಸುವುದು, ಬೆಳ್ಳುಳ್ಳಿ ತಿನ್ನುವುದು ಇವುಗಳ ಮೇಲೆ ಭರವಸೆ ಇಡಬೇಡಿ. ಕರ್ಪೂರದ ಘಾಟಿಗೆ ಮೂಗು ತೆರೆದಂತಾಗುತ್ತದೆ, ರಕ್ತಕ್ಕೆ ಆಮ್ಲಜನಕ ಹೆಚ್ಚು ಸಿಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಆಮ್ಲಜನಕದ ಡಬ್ಬಿಯದೂ ಅದೇ ಕಥೆ. ಹತ್ತು ಲೀಟರಿನ ಡಬ್ಬಿಯನ್ನು ನಿಮಿಷಕ್ಕೆ ಎರಡು ಲೀಟರಿನಂತೆ ಬಿಟ್ಟರೆ ಐದೇ ನಿಮಿಷ. ಆಸ್ಪತ್ರೆ ಮುಟ್ಟುವವರೆಗೆ ಬೇಕಾಗುವುದು ಗಂಟೆಗಟ್ಟಲೆಯ ಸಿಲಿಂಡರ್. ಅದು ಕಾರಿನಲ್ಲಿದೆಯೇ ಎಂದು ಹೊರಡುವ ಮುಂಚೆ ಚಾಲಕನನ್ನು ಕೇಳಿ, ಮೀಟರಿನ ಮುಳ್ಳು ತುಂಬಿದೆಯೇ ಎಂದು ನೀವೇ ಕಣ್ಣಾರೆ ನೋಡಿ.

ನಿಮ್ಮ ಮನೆಯಂಥ ಮನೆಗೆ ಹೊಂದುವ ಕ್ರಮ ಹೀಗೆ. ಲೇಹ್ ವಿಮಾನ ನಿಲ್ದಾಣದಿಂದ ಊರೊಳಗೆ ಹೋಗಬೇಡಿ. ನೇರವಾಗಿ ಸಿಂಧೂ ನದಿಯ ಹರಿವಿನ ದಿಕ್ಕಿನಲ್ಲಿ ಆಲ್ಚಿ ಕಡೆಗೆ ಇಳಿಯಿರಿ. ಆಲ್ಚಿ ಸುಮಾರು 3,100 ಮೀಟರ್. ಮೊದಲ ಎರಡು ರಾತ್ರಿ ಅಲ್ಲೇ ಮಲಗಿ, ಮೊದಲ ದಿನ ಊಟ, ನಿದ್ದೆ ಬಿಟ್ಟು ಬೇರೇನೂ ಬೇಡ. ಮೂರನೆಯ ದಿನ ಲೇಹ್‌ಗೆ ಬಂದು ಎರಡು ರಾತ್ರಿ. ಐದನೆಯ ದಿನ ಖಾರ್ದುಂಗ್ ಲಾ ದಾಟಿ ನುಬ್ರಾ ಕಣಿವೆ. ಈ ಕಣಿವೆಯ ಹುಂಡರ್ ಮತ್ತೆ 3,100 ಮೀಟರಿನ ಆಸುಪಾಸಿಗೆ ಇಳಿದಿರುವುದರಿಂದ ಮಲಗಲು ಒಳ್ಳೆಯ ಜಾಗ. ಕಷ್ಟವಿರುವುದು ನಡುವಿನ ಖಾರ್ದುಂಗ್ ಲಾದಲ್ಲಿ. ಅಲ್ಲಿ ಬಹಳ ಕಾಲ ಫಲಕದ ಮೇಲೆ 18,380 ಅಡಿ ಎಂದು ಬರೆದಿತ್ತು. ಅಳತೆ ಮಾಡಿದ ಎತ್ತರ ಸುಮಾರು 17,580 ಅಡಿ, ಅಂದರೆ 5,359 ಮೀಟರ್. ಎಂಟುನೂರು ಅಡಿ ಕಡಿಮೆಯಾದರೂ ಅಪಾಯ ಕಡಿಮೆಯಾಗುವುದಿಲ್ಲ. ಫೋಟೊ ತೆಗೆದು ಹದಿನೈದು ನಿಮಿಷದೊಳಗೆ ಇಳಿಯಲು ಶುರು ಮಾಡಿ. ಓಡಬೇಡಿ, ಮಕ್ಕಳನ್ನು ಹಿಮದಲ್ಲಿ ಓಡಿಸಬೇಡಿ.

ಪ್ಯಾಂಗಾಂಗ್ ಸರೋವರವನ್ನು ಈ ಸಲ ಕೈಬಿಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ದಡವೇ 4,200 ಮೀಟರ್ ಮೀರಿದೆ, ರಾತ್ರಿ ಉಳಿಯಲು ಗುಡಾರಗಳು, ಹತ್ತಿರದಲ್ಲಿ ದೊಡ್ಡ ಆಸ್ಪತ್ರೆ ಇಲ್ಲ, ಲೇಹ್‌ಗೆ ಮರಳಲು ಮತ್ತೆ 5,000 ಮೀಟರಿಗೂ ಎತ್ತರದ ಚಾಂಗ್ ಲಾ ದಾಟಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ಒಂದು ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು ಎಂಬುದು ಪರ್ವತ ವೈದ್ಯಕೀಯದ ಮೂಲ ನಿಯಮ. ಲೇಹ್‌ನಿಂದ ನೇರ ಪ್ಯಾಂಗಾಂಗ್‌ಗೆ ಹೋಗಿ ಮಲಗಿದರೆ ಅದು ಮುರಿದಂತೆಯೇ. ಮನಾಲಿ ರಸ್ತೆಯಲ್ಲಿ ಬರುವವರು ಸರ್ಚುವಿನಲ್ಲಿ ರಾತ್ರಿ ಕಳೆಯುವುದೂ ಇಂಥದೇ ತಪ್ಪು. ಅದು ಸುಮಾರು 4,290 ಮೀಟರ್. ರಸ್ತೆಯಲ್ಲಿ ನಿಧಾನವಾಗಿ ಏರಿದರೆ ಸುರಕ್ಷಿತ ಎಂಬ ನಂಬಿಕೆ ಆ ಒಂದು ರಾತ್ರಿಯಲ್ಲಿ ಕೆಡುತ್ತದೆ.

ಯಾವಾಗ ಗಾಬರಿಯಾಗಬೇಕು? ಬರೀ ತಲೆನೋವಿದ್ದರೆ ಅಲ್ಲೇ ನಿಲ್ಲಿ, ಮೇಲೆ ಹೋಗಬೇಡಿ. ಸುಮ್ಮನೆ ಕುಳಿತಾಗಲೂ ಏದುಸಿರು ಬರುತ್ತಿದ್ದರೆ, ಕೆಮ್ಮಿನಲ್ಲಿ ಗುಲಾಬಿ ನೊರೆ ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ ಎಂದರ್ಥ. ನೆಲದ ಮೇಲಿನ ಒಂದು ಗೆರೆಯ ಮೇಲೆ ಒಂದು ಪಾದದ ಹಿಮ್ಮಡಿಗೆ ಇನ್ನೊಂದು ಪಾದದ ಬೆರಳು ತಾಗಿಸುತ್ತ ನಡೆಯಲು ಹೇಳಿ. ತೂರಾಡಿದರೆ, ಮಾತು ಅಸಂಬದ್ಧವಾದರೆ ಮೆದುಳಿಗೆ ತೊಂದರೆಯಾಗಿದೆ. ಇವೆರಡರಲ್ಲಿ ಯಾವುದಾದರೂ ಬೆಳಗಾಗಲಿ ಎಂದು ಕಾಯುವಂಥದ್ದಲ್ಲ. ಆಮ್ಲಜನಕ ಕೊಡುತ್ತ ತಕ್ಷಣ ಕೆಳಗಿಳಿಸಬೇಕು, ಲೇಹ್‌ನಲ್ಲೇ ಇದ್ದರೆ ಅಲ್ಲಿನ ಎಸ್‌ಎನ್‌ಎಂ ಆಸ್ಪತ್ರೆಗೆ ಒಯ್ಯಬೇಕು. ಕೋವಿಡ್ ಕಾಲದ ಆಕ್ಸಿಮೀಟರ್ ಮನೆಯಲ್ಲಿದ್ದರೆ ಒಯ್ಯಿರಿ, ಆದರೆ ಲೇಹ್‌ನಲ್ಲಿ ಮೊದಲ ದಿನ ಆರೋಗ್ಯವಂತರಿಗೂ 85ರಿಂದ 90 ತೋರಿಸಬಹುದು. ಮುಂಬಯಿಯಲ್ಲಾದರೆ ಆಂಬುಲೆನ್ಸ್ ಕರೆಸುವ ಅಂಕಿ ಅದು. ಹಾಗಾಗಿ ಅಂಕಿಯೊಂದನ್ನೇ ನಂಬದೆ ಮನುಷ್ಯ ಹೇಗಿದ್ದಾನೆ ಎಂಬುದನ್ನು ನೋಡಿ. ಮೊದಲ ರಾತ್ರಿಗಳಲ್ಲಿ ಮದ್ಯವೂ ಬೇಡ, ನಿದ್ದೆ ಮಾತ್ರೆಯೂ ಬೇಡ. ಎರಡೂ ಉಸಿರಾಟವನ್ನು ತಗ್ಗಿಸುತ್ತವೆ.

ಈಗ ಅತ್ತೆಯವರ ಗೋವಾ. ಅವರು ಕಣ್ಣಾರೆ ಕಂಡ ಮನೆಯ ದುಃಖ ಅದು, ಅಂಕಿಸಂಖ್ಯೆ ಹೇಳಿ ಅಳಿಸುವಂಥದ್ದಲ್ಲ. ಆದರೆ ಗೋವಾಕ್ಕೆ ಹೋಗುವುದು ಬೇರೆ, ಸಮುದ್ರಕ್ಕೆ ಇಳಿಯುವುದು ಬೇರೆ ಎಂದು ಅವರಿಗೆ ಹೇಳಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವರ ಭಯ ನೂರಕ್ಕೆ ನೂರು ಸರಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮುಂಬಯಿ ಕಡೆಯ ಮೀನುಗಾರರಾದ ಕೋಳಿ ಸಮುದಾಯದವರು ಸಂಪ್ರದಾಯದಂತೆ ಶ್ರಾವಣದ ನಾರಳಿ ಹುಣ್ಣಿಮೆಯಂದು ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ಮತ್ತೆ ಕಡಲಿಗಿಳಿಯುವುದು. ಕಡಲನ್ನೇ ನಂಬಿ ಬದುಕುವವರು ದೂರ ಇರುವ ತಿಂಗಳಲ್ಲಿ ಪ್ರವಾಸಿಗರು ಸೊಂಟದವರೆಗೆ ಇಳಿಯುವುದನ್ನು ನೋಡಿದರೆ ಸಂಕಟವಾಗುತ್ತದೆ.

ಸಮುದ್ರದಲ್ಲಿ ಸುಳಿ ಇರುತ್ತದೆ, ಅದು ಕಾಲು ಹಿಡಿದು ತಳಕ್ಕೆ ಎಳೆಯುತ್ತದೆ ಎಂಬುದು ಬಹಳ ಜನರ ನಂಬಿಕೆ. ಗೋವಾದ ತೆರೆದ ಬೀಚ್‌ಗಳಲ್ಲಿ ಹೆಚ್ಚಿನವರನ್ನು ಒಯ್ಯುವುದು ಸುಳಿಯಲ್ಲ, ಸೆಳವು. ಅಲೆಗಳು ದಡಕ್ಕೆ ತಂದು ಸುರಿದ ನೀರು ಎಲ್ಲಾದರೊಂದು ಕಡೆಯಿಂದ ಹಿಂದಿರುಗಲೇಬೇಕು. ಅಂಗಳದ ಮಳೆನೀರೆಲ್ಲ ಒಂದೇ ಮೋರಿ ಹುಡುಕಿಕೊಂಡು ನುಗ್ಗುವಂತೆ, ಮರಳಿನ ದಿಬ್ಬಗಳ ನಡುವಿನ ತಗ್ಗಿನಲ್ಲಿ ಅದು ಒಟ್ಟಾಗಿ ಕಡಲಿನತ್ತ ಓಡುತ್ತದೆ. ಅದು ಕೆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಮುಳುಗಿಸುವುದು ಗಾಬರಿ ಮತ್ತು ದಣಿವು. ಜೋರಾದ ಸೆಳವಿನ ಎದುರು ನುರಿತ ಈಜುಗಾರನೂ ದಡಕ್ಕೆ ನೇರವಾಗಿ ಈಜಿ ಗೆಲ್ಲಲಾರ.

ಇನ್ನೂ ಕೆಟ್ಟ ಸಂಗತಿ, ಅದು ಕಣ್ಣಿಗೆ ಶಾಂತವಾಗಿ ಕಾಣುತ್ತದೆ. ಎರಡು ಕಡೆ ಬಿಳಿ ನೊರೆಯ ಅಲೆಗಳು ಒಡೆಯುತ್ತಿರುತ್ತವೆ, ನಡುವೆ ಒಂದಿಷ್ಟು ಅಗಲ ಅಲೆಯಿಲ್ಲದೆ, ತುಸು ಕಪ್ಪಾಗಿ, ಸಮತಟ್ಟಾಗಿರುತ್ತದೆ. ಮಕ್ಕಳಿಗೆ ಇಲ್ಲೇ ಒಳ್ಳೆಯದು ಎಂದು ತಂದೆತಾಯಿ ಆರಿಸುವುದು ಸರಿಯಾಗಿ ಅದೇ ಜಾಗವನ್ನು. ಹತ್ತು ನಿಮಿಷ ದಡದಲ್ಲಿ ನಿಂತು ನೋಡಿ: ನೊರೆ, ಕಸ, ಕದಡಿದ ಮರಳು ಎಲ್ಲಿ ಕಡಲಿನ ಕಡೆಗೆ ಸಾಗುತ್ತಿದೆಯೋ ಅಲ್ಲಿ ಇಳಿಯಬೇಡಿ. ಬಾಗಾದಲ್ಲಿ ಹೊಳೆ ಸಮುದ್ರ ಸೇರುವಂಥ ಅಳಿವೆಯ ಬಾಯಿಗಳಿಂದಲೂ ದೂರವಿರಿ.

ಅಮಾವಾಸ್ಯೆಯ ಮಾತಿನಲ್ಲಿ ನಿಜದ ಅಂಶವಿದೆ. ಅಮಾವಾಸ್ಯೆ, ಹುಣ್ಣಿಮೆಗಳಂದು ಸೂರ್ಯ ಚಂದ್ರರ ಸೆಳೆತ ಒಂದೇ ರೇಖೆಯಲ್ಲಿ ಕೂಡುವುದರಿಂದ ಭರತ ಇಳಿತಗಳ ಅಂತರ ಹೆಚ್ಚು. ನೀರು ಬೇಗ ಏರುತ್ತದೆ, ಬೇಗ ಇಳಿಯುತ್ತದೆ, ಇಳಿಯುವಾಗ ಸೆಳವು ಬಿಗಿಯಾಗುತ್ತದೆ. ದೀಪಾವಳಿ ಬರುವುದೇ ಅಮಾವಾಸ್ಯೆಗೆ. ಆದ್ದರಿಂದ ಅತ್ತೆಯವರ ಮನಸ್ಸಿನ ನೆಮ್ಮದಿಗೂ ಲೆಕ್ಕಕ್ಕೂ ಹೊಂದುವಂತೆ, ಬಲಿಪಾಡ್ಯಮಿ ಮುಗಿಸಿಕೊಂಡು ಕಾರ್ತಿಕ ಶುದ್ಧ ಅಷ್ಟಮಿಯ ಆಚೀಚೆ ಹೋಗಿ. ಆ ದಿನಗಳಲ್ಲಿ ಭರತ ಇಳಿತದ ಅಂತರ ಚಿಕ್ಕದು, ಮಳೆಗಾಲದ ಅಬ್ಬರವೂ ಇಳಿದಿರುತ್ತದೆ. ನರಕ ಚತುರ್ದಶಿಯ ನಸುಕಿನಲ್ಲಿ ಗೋವಾದ ಊರೂರಲ್ಲಿ ಸುಡುವ ದೊಡ್ಡ ನರಕಾಸುರರನ್ನು ನೋಡುವುದು ತಪ್ಪುತ್ತದೆ ನಿಜ. ಅದೂ ಬೇಕೆಂದರೆ ಬೇಗ ಹೋಗಿ, ನೀರಿಗಿಳಿಯುವುದನ್ನು ಕೊನೆಯ ದಿನಗಳಿಗೆ ಇಟ್ಟುಕೊಳ್ಳಿ.

ಉತ್ತರದ ಗದ್ದಲ ಬಿಟ್ಟು ಮಡಗಾಂವ್‌ನಲ್ಲಿ ಇಳಿದು ದಕ್ಷಿಣದ ಪಾಳೊಳೆಂಗೆ ಹೋಗಿ. ಅದು ಅರ್ಧಚಂದ್ರದಂತೆ ಬಾಗಿದ ಕೊಲ್ಲಿ, ಇಳಿಜಾರು ಮೆಲ್ಲಗಿದೆ. ಅಲ್ಲಿಯೂ ನಿಯಮ ಅದೇ: ಜೀವರಕ್ಷಕರಿರುವ ಹೊತ್ತಿನಲ್ಲಿ, ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ, ಈಜು ಬಾರದವರು ಮೊಣಕಾಲಿಗಿಂತ ಆಳಕ್ಕೆ ಬೇಡ. ಬರೀ ಕೆಂಪು ಬಾವುಟ ಇದ್ದರೆ ಇಳಿಯಲೇಬಾರದು. ಸೀರೆ, ಜೀನ್ಸ್ ಒದ್ದೆಯಾದರೆ ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತವೆ, ಅದನ್ನುಟ್ಟು ಅಲೆಗೆ ಹೋಗಬಾರದು. ಯಾರಾದರೂ ಸೆಳವಿಗೆ ಸಿಕ್ಕರೆ ಎದುರು ಈಜದೆ ತೇಲಬೇಕು, ಕೈ ಎತ್ತಬೇಕು, ಬಲವಿದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಬಿಳಿ ಅಲೆ ಒಡೆಯುವಲ್ಲಿಂದ ಅಲೆಯ ಜೊತೆಗೇ ಒಳಬರಬೇಕು. ದಡದಲ್ಲಿದ್ದವರು ಹಿಂದೆ ಹಾರಬಾರದು. ಒಬ್ಬರನ್ನು ಉಳಿಸಲು ಹೋಗಿ ಮನೆಯ ಮೂವರು ನಾಲ್ವರು ಹೋಗುವುದು ಹೀಗೆಯೇ. ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನ್, ಚೆಂಡು, ತೇಲುವ ಏನನ್ನಾದರೂ ಎಸೆಯಿರಿ, ಜೀವರಕ್ಷಕರನ್ನು ಕೂಗಿ. ಅತ್ತೆಯವರು ನೀರಿಗೇ ಬರದೆ ಮಂಗೇಶಿ, ಕವಳೆಯ ಶಾಂತಾದುರ್ಗೆಯ ದರ್ಶನ ಮಾಡಿಕೊಂಡು ಬಂದರೂ ಗೋವಾ ನೋಡಿದಂತೆಯೇ.

ಇಲ್ಲಿ ನಿಮ್ಮ ಲೋನಾವಳದ ಬಗ್ಗೆ ಒಂದು ಮಾತು ಹೇಳಲೇಬೇಕು. ಗೋವಾದ ಸಮುದ್ರಕ್ಕೆ ಹೆದರುವ ಎಷ್ಟೋ ಮನೆಗಳು ಮಳೆಗಾಲದಲ್ಲಿ ಲೋನಾವಳದ ಹರಿಯುವ ನೀರಿನಲ್ಲಿ ನಿರಾತಂಕವಾಗಿ ಕೂರುತ್ತವೆ. 2024ರ ಜೂನ್ 30ರಂದು ಭುಶಿ ಅಣೆಕಟ್ಟಿನ ಹಿಂದಿನ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ನೀವು ನಿಂತಲ್ಲಿ ಮಳೆ ಇಲ್ಲದಿದ್ದರೂ ಮೇಲಿನ ಗುಡ್ಡದಲ್ಲಿ ಸುರಿದರೆ ಕೆಲವೇ ನಿಮಿಷಗಳಲ್ಲಿ ಹರಿವು ಏರುತ್ತದೆ. ನೀರು ಕೆಂಪಗಾದರೆ, ಎಲೆ ಕಡ್ಡಿ ತೇಲಿಬರತೊಡಗಿದರೆ, ಸದ್ದು ಬದಲಾದರೆ ಚಪ್ಪಲಿಯನ್ನೂ ಹುಡುಕದೆ ಮೇಲೆ ಬರಬೇಕು. ನಿಮ್ಮ ಪಟ್ಟಿಯಲ್ಲಿ ಯಾರೂ ಬೇಡ ಎನ್ನದ ಈ ಜಾಗಕ್ಕೇ ನಾನು ಜುಲೈನಲ್ಲಿ ಮೊದಲು ಬೇಡ ಎನ್ನುತ್ತೇನೆ.

ಕಾಶ್ಮೀರದ ವಿಷಯದಲ್ಲಿ ನನ್ನ ಉತ್ತರ ಚಿಕ್ಕದು. 2025ರ ಏಪ್ರಿಲ್ 22ರಂದು ಪಹಲ್ಗಾಮ್ ಬಳಿಯ ಬೈಸರನ್‌ನಲ್ಲಿ ಭಯೋತ್ಪಾದಕರು 26 ಜನರನ್ನು ಕೊಂದರು. ಸತ್ತವರಲ್ಲಿ ಮೂವರು ನಿಮ್ಮ ಡೊಂಬಿವಲಿಯವರೇ. ಆ ಊರಿನಲ್ಲಿ ಬದುಕುವ ಮೈದುನನಿಗೆ ಕಾಶ್ಮೀರ ಬೇಡ ಎನಿಸಿದರೆ ಅದನ್ನು ತಪ್ಪು ತಿಳಿವಳಿಕೆ ಎಂದು ಕರೆಯುವ ಹಕ್ಕು ಯಾರಿಗೂ ಇಲ್ಲ. ಸಮುದ್ರದ, ಎತ್ತರದ ಅಪಾಯವನ್ನು ನಮ್ಮ ನಡವಳಿಕೆಯಿಂದ ತಗ್ಗಿಸಬಹುದು. ಇದನ್ನು ಹಾಗೆ ಲೆಕ್ಕ ಹಾಕಲಾಗದು. ಆ ದಾಳಿಯ ನಂತರ ಸರ್ಕಾರ ಅಲ್ಲಿನ 48 ತಾಣಗಳನ್ನು ಮುಚ್ಚಿ, ಆಮೇಲೆ ಹಂತಹಂತವಾಗಿ ತೆರೆಯತೊಡಗಿತು. ಮುಂದೆ ಮನಸ್ಸು ಬದಲಾದರೆ ಯಾವ ತಾಣ ತೆರೆದಿದೆ ಎಂದು ಆಯಾ ವಾರವೇ ವಿಚಾರಿಸಿ, ವಿಮೆಯ ಕಾಗದದಲ್ಲಿ ಭಯೋತ್ಪಾದಕ ದಾಳಿಯನ್ನು ಹೊರಗಿಟ್ಟಿದ್ದಾರೆಯೇ ಓದಿ. ಈಗಂತೂ ಆ ಮಾತನ್ನು ಊಟದ ಹೊತ್ತಿನಲ್ಲಿ ಎತ್ತಬೇಡಿ.

ಮಗಳ ಕಾಶಿ ಇಷ್ಟು ಕಠಿಣವಲ್ಲ. ಅವಳಿಗೆ ಬೇಡವಾಗಿರುವುದು ಜಂಗುಳಿ, ಕಾಶಿಯಲ್ಲ. ಜಂಗುಳಿಗೆ ತಿಥಿಗಳಿವೆ: ಮಹಾಶಿವರಾತ್ರಿ, ಕಾರ್ತಿಕ ಹುಣ್ಣಿಮೆಯ ದೇವ ದೀಪಾವಳಿ, ಶ್ರಾವಣ ಸೋಮವಾರಗಳು. ಕೊನೆಯದರಲ್ಲಿ ನಮ್ಮವರು ಎಡವುತ್ತಾರೆ. ಉತ್ತರದವರ ತಿಂಗಳು ಹುಣ್ಣಿಮೆಗೆ ಮುಗಿಯುವುದರಿಂದ ಅವರ ಸಾವನ್ ನಮ್ಮ ಶ್ರಾವಣಕ್ಕಿಂತ ಹದಿನೈದು ದಿನ ಮೊದಲೇ ಶುರು. ನಮ್ಮ ಪಂಚಾಂಗದಲ್ಲಿ ಇನ್ನೂ ಆಷಾಢ ಬಹುಳ ಎಂದು ನೋಡಿ ಟಿಕೆಟ್ ತೆಗೆದವರು ಕಾವಡಿ ಹೊತ್ತವರ ಸಾಗರದ ನಡುವೆ ಇಳಿಯುತ್ತಾರೆ. ಮಳೆಗಾಲದಲ್ಲಿ ಗಂಗೆ ಏರಿದರೆ ಘಾಟ್‌ಗಳ ಮೆಟ್ಟಿಲು ಮುಳುಗಿ ದೋಣಿ ನಿಲ್ಲುತ್ತದೆ, ಮೇ ತಿಂಗಳಲ್ಲಿ ಬಿಸಿಲು ನಲವತ್ತು ದಾಟುತ್ತದೆ, ಜನವರಿಯ ಮಂಜಿಗೆ ರೈಲು ತಡವಾಗುತ್ತದೆ. ಕಾರ್ತಿಕ ಹುಣ್ಣಿಮೆ ಕಳೆದ ವಾರದ ನಂತರ, ವಾರದ ನಡುವಿನ ದಿನ, ಬೆಳಿಗ್ಗೆ ಬೇಗ ಹೋದರೆ ಅವಳು ಹೆದರುವಂಥದ್ದು ಬಹಳ ಇರುವುದಿಲ್ಲ. ಎಲ್ಲಾದರೂ ಸರಿ, ಸುತ್ತಲಿನವರ ಮೈ ಎಲ್ಲ ಕಡೆಯಿಂದ ತಾಗತೊಡಗಿದರೆ ಎರಡೂ ಕೈಗಳನ್ನು ಎದೆಯ ಮುಂದೆ ಅಡ್ಡ ಹಿಡಿದು ಉಸಿರಾಟಕ್ಕೆ ಜಾಗ ಉಳಿಸಿಕೊಳ್ಳಬೇಕು, ಎದುರು ನೂಕದೆ ಓರೆಯಾಗಿ ಅಂಚಿನತ್ತ ಸರಿಯಬೇಕು, ಬಿದ್ದ ವಸ್ತುವಿಗೆ ಬಗ್ಗಬಾರದು.

ಹೀಗಾಗಿ ದೀಪಾವಳಿ ರಜೆಗೆ ಗೋವಾ, ಮೇ ಕೊನೆಯಲ್ಲಿ ಲಡಾಖ್ ಇಟ್ಟುಕೊಳ್ಳಿ. ದೀಪಾವಳಿ ಹೊತ್ತಿಗೆ ಲಡಾಖ್‌ನಲ್ಲಿ ರಾತ್ರಿ ಸೊನ್ನೆಗಿಂತ ಕೆಳಗಿಳಿಯುತ್ತದೆ, ಮಾವನವರಿಗೆ ಅದು ಬೇಡ. ಹೊರಡುವ ಆರು ವಾರ ಮೊದಲು ಅವರನ್ನು ವೈದ್ಯರ ಬಳಿ ಕರೆದೊಯ್ಯಿರಿ, ಅವರು ಬೇಡ ಎಂದರೆ ಅಲ್ಲಿಗೆ ಮುಗಿಯಿತು. ಟಿಕೆಟ್ ತೆಗೆಯುವುದು ಅದರ ನಂತರ, ಅದೂ ರದ್ದಾದರೆ ಹಣ ಮರಳುವಂಥದ್ದು. 2025ರ ಮೇ ತಿಂಗಳಲ್ಲಿ ಲೇಹ್ ಸೇರಿದಂತೆ 32 ವಿಮಾನ ನಿಲ್ದಾಣಗಳು ಕೆಲವು ದಿನ ಮುಚ್ಚಿದ್ದವು. ಮರಳುವ ದಿನಕ್ಕೂ ಕೆಲಸಕ್ಕೆ ಹಾಜರಾಗುವ ದಿನಕ್ಕೂ ನಡುವೆ ಒಂದು ದಿನ ಖಾಲಿ ಬಿಡಿ. ಲೇಹ್ ವಿಮಾನಗಳು ಹವಾಮಾನ ನೋಡಿಕೊಂಡು ಹಾರುತ್ತವೆ. ಮುಂಬಯಿಯ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಮನೆಯಲ್ಲಿ ಇಬ್ಬರದಾದರೂ ಪೋಸ್ಟ್‌ಪೇಯ್ಡ್ ಇರಲಿ.